ನರಕೋಶದ ಚಿತ್ರ ಬರೆದ ಕಹಾಲ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಪರವಾಗಿ ನನ್ನ ಹಳೆ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಶಾಲೆಯ ನೆನಪುಗಳನ್ನು ಬರೆಯಿರಿ ಸರ್ ಎಂದ. ನೆನಪು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಒಬ್ಬ ವಿಜ್ಞಾನಿಯ ಬಗ್ಗೆ ಬರೆಯುತ್ತೇನೆ ಎಂದೆ. ಅವನಿಗೆ ಸ್ವಲ್ಪ ನಿರಾಸೆ ಆದ ಹಾಗೆ ಕಂಡಿತು. ಆದರೆ ಸ್ಪೇನ್ ದೇಶದ ಆ ವಿಜ್ಞಾನಿಗೂ ನಮ್ಮ ಪೆರಾಬೆಗೂ ನನ್ನ ಮಟ್ಟಿಗೆ ಒಂದು ಸಂಬಂಧ ಉಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಇಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಮಳೆಗಾಲದ ಒಂದು ದಿನ ಹತ್ತನೇ ತರಗತಿಗೆ ನರಮಂಡಲದ ಪಾಠ. ಹಂಚಿನ ಮೇಲೆ ಮಳೆಯ ಸದ್ದು ಜೋರಾಗಿದ್ದರೆ ಹಿಂದಿನ ಬೆಂಚಿಗೆ ಮಾತು ಕೇಳಿಸದು. ಹಾಗಾಗಿ ಹಲಗೆಯ ಮೇಲೆ ಬರೆದೇ ಪಾಠ ಮಾಡಬೇಕು. ಮೆದುಳನ್ನು ಬರೆದೆ, ಅದರ ಕೆಳಗೆ ಬಾಲದ ಹಾಗೆ ಮೆದುಳುಬಳ್ಳಿ ಬರೆದೆ. ಇವೆರಡೂ ಸೇರಿ ಕೇಂದ್ರ ನರಮಂಡಲ. ಮುಮ್ಮೆದುಳು ಯೋಚನೆಗೆ, ನೆನಪಿಗೆ. ಅನುಮಸ್ತಿಷ್ಕ ದೇಹದ ಸಮತೋಲಕ್ಕೆ. ಮೆಡುಲ್ಲಾ ಉಸಿರಾಟಕ್ಕೆ, ಎದೆಬಡಿತಕ್ಕೆ ಎಂದು ಪರೀಕ್ಷೆಗೆ ಬೇಕಾದಷ್ಟನ್ನು ಬರೆಯಿಸಿದೆ. ಕೆಂಡ ತಾಗಿದರೆ ಮೆದುಳಿಗೆ ಸುದ್ದಿ ಮುಟ್ಟುವ ಮೊದಲೇ ಮೆದುಳುಬಳ್ಳಿ ಕೈಯನ್ನು ಹಿಂದಕ್ಕೆ ಎಳೆಸುತ್ತದೆ ಎಂದೂ ಹೇಳಿದೆ. ಇನ್ನು ನರ ಎಂದರೆ ಏನು ಎಂಬುದು ಸುಲಭದಲ್ಲಿ ತಲೆಗೆ ಹೋಗಲಿ ಎಂದು, ಮನೆಯ ಕರೆಂಟಿನ ವಯರಿನ ಹಾಗೆ ಎಂದುಬಿಟ್ಟೆ.

ಬೆಲ್ ಆದ ಮೇಲೆ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಕೊಕ್ಕಡದ ಕಡೆಯವಳು, ಇಲ್ಲಿ ಅಜ್ಜನ ಮನೆಯಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಬಾಯಿ ತೆರೆದವಳಲ್ಲ. ಅವಳ ತಮ್ಮನಿಗೆ ಮಾತು ಬರುವುದಿಲ್ಲವಂತೆ, ನಡೆಯಲಿಕ್ಕಾಗುವುದಿಲ್ಲವಂತೆ, ಆಗಾಗ ಫಿಟ್ಸ್ ಬರುತ್ತದಂತೆ. ಅವನ ತಲೆಯೊಳಗೆ ಯಾವ ವಯರು ತುಂಡಾಗಿದೆ ಸರ್, ಅದನ್ನು ಜೋಡಿಸಲಿಕ್ಕೆ ಆಗುವುದಿಲ್ಲವಾ ಎಂದು ಕೇಳಿದಳು.

ಮಂಗಳೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದೆ. ತೋರಿಸಿ ಆಗಿದೆ ಎಂದಳು. ನನ್ನಲ್ಲಿ ಬೇರೆ ಉತ್ತರ ಇರಲಿಲ್ಲ. ಅವಳು ತಲೆ ಅಲ್ಲಾಡಿಸಿ ಹೋದಳು. ನನ್ನ ವಯರಿನ ಉದಾಹರಣೆ ಮಾತ್ರ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿಯಿತು. ನಿವೃತ್ತನಾದ ಮೇಲೆ, ಓದಲು ಪುರುಸೊತ್ತು ಸಿಕ್ಕಿದಾಗ ಗೊತ್ತಾಯಿತು: ನರಮಂಡಲ ವಯರಿನ ಹಾಗೆ ಅಲ್ಲ. ಹಾಗಲ್ಲ ಎಂದು ಕಣ್ಣಿಗೆ ಕಾಣುವಂತೆ ತೋರಿಸಿದವನು ಸಾಂಟಿಯಾಗೊ ರಮೋನ್ ಇ ಕಹಾಲ್. ಇಂಗ್ಲಿಷ್ ಅಕ್ಷರ ನೋಡಿ ನಾನು ಬಹುಕಾಲ ಕಜಾಲ್ ಎಂದೇ ಓದಿಕೊಂಡಿದ್ದೆ. ಸ್ಪೇನಿನವರು ಹೇಳುವುದು ಕಹಾಲ್ ಎಂದು.

ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಉತ್ತರದ ಗುಡ್ಡಗಾಡಿನ ಪೆಟಿಲ್ಲಾ ಎಂಬ ಸಣ್ಣ ಹಳ್ಳಿಯಲ್ಲಿ. ಅಪ್ಪ ಹೂಸ್ತೊ ಬಡತನದಲ್ಲಿ ಬೆಳೆದವನು. ಕ್ಷೌರದ ಜತೆಗೆ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುವವರು ಆ ಕಾಲದಲ್ಲಿ ಇದ್ದರು. ಅಂಥವರ ಕೈಕೆಳಗೆ ದುಡಿದು, ಹಟ ಹಿಡಿದು ಓದಿ ಡಾಕ್ಟರಾದವನು ಅವನು. ಅಂಥ ಅಪ್ಪಂದಿರನ್ನು ನಮ್ಮ ಊರಲ್ಲೂ ನೋಡಿದ್ದೇವೆ. ತಾನು ಕಷ್ಟದಲ್ಲಿ ಏರಿದ ಮೆಟ್ಟಿಲನ್ನು ಮಗ ಓಡಿಯೇ ಏರಬೇಕು ಎನ್ನುವವರು. ಮಗನಿಗೆ ಬೇಕಾದ್ದು ಬೇರೆ. ಅವನಿಗೆ ಚಿತ್ರ ಬರೆಯುವ ಹುಚ್ಚು. ಸಿಕ್ಕಿದ ಕಾಗದ, ಗೋಡೆ, ಪುಸ್ತಕದ ಅಂಚು ಎಲ್ಲದರಲ್ಲೂ ಚಿತ್ರ. ಚಿತ್ರ ಬರೆಯುವುದು ಹೊಟ್ಟೆಗಿಲ್ಲದವರ ಕಸುಬು ಎಂದು ಅಪ್ಪ ಪೆನ್ಸಿಲು, ಬಣ್ಣ ಕಿತ್ತುಕೊಳ್ಳುತ್ತಿದ್ದ. ಮಗ ಅಡಗಿ ಕುಳಿತು ಬರೆಯುತ್ತಿದ್ದ.

ಹುಡುಗ ಭಾರಿ ಪೋಕರಿಯೂ ಹೌದು. ಹನ್ನೊಂದರ ವಯಸ್ಸಿನಲ್ಲಿ ಮರದ ದಿಮ್ಮಿ ಕೊರೆದು ಫಿರಂಗಿ ಮಾಡಿ, ಮದ್ದು ತುಂಬಿಸಿ, ನೆರೆಮನೆಯವನ ಹೊಸ ಗೇಟಿಗೆ ಹೊಡೆದು ತೂತು ಮಾಡಿದ. ದೂರು ಹೋಯಿತು, ಅವನನ್ನು ಕೆಲವು ದಿನ ಊರಿನ ಜೈಲಿನಲ್ಲಿ ಕೂರಿಸಿದರು. ಅಪ್ಪನೂ ಬೇಡ ಎನ್ನಲಿಲ್ಲ. ಹಾಕಾ ಎಂಬ ಊರಿನ ಶಾಲೆಗೆ ಕಳಿಸಿದರೆ ಅಲ್ಲಿ ಲ್ಯಾಟಿನ್ ಬಾಯಿಪಾಠ, ತಪ್ಪಿದರೆ ಬೆತ್ತ, ಉಪವಾಸ. ಬಾಯಿಪಾಠ ಅವನಿಗೆ ಒಗ್ಗಲೇ ಇಲ್ಲ. ಕೊನೆಗೆ ಅಪ್ಪ ಬೇಸತ್ತು ಒಮ್ಮೆ ಕ್ಷೌರದಂಗಡಿಯಲ್ಲಿ, ಮತ್ತೊಮ್ಮೆ ಚಪ್ಪಲಿ ಹೊಲಿಯುವವನ ಬಳಿ ಕೆಲಸಕ್ಕೆ ಬಿಟ್ಟ. ಚಪ್ಪಲಿ ಕೆಲಸದಲ್ಲಿ ಹುಡುಗನ ಕೈ ಚೆನ್ನಾಗಿಯೇ ಓಡಿತಂತೆ.

ಅಧ್ಯಾಪಕನಾಗಿ ಇದನ್ನು ಓದುವಾಗ ನನಗೆ ಮುಜುಗರ ಆಯಿತು. ನಾನೂ ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಯಕ್ಷಗಾನದ ಕಿರೀಟ ಬರೆದವರ ಕಿವಿ ಹಿಂಡಿದವನೇ.

ಅಪ್ಪ ಮಗನ ನಡುವೆ ರಾಜಿ ಆದದ್ದು ಒಂದು ಸ್ಮಶಾನದಲ್ಲಿ. 1868ರ ಬೇಸಿಗೆ, ಹುಡುಗನಿಗೆ ಹದಿನಾರು. ಮೂಳೆಗಳ ಪಾಠವನ್ನು ಪುಸ್ತಕದಿಂದ ಕಲಿಸಿ ಪ್ರಯೋಜನವಿಲ್ಲ ಎಂದು ಅಪ್ಪನಿಗೆ ಅನಿಸಿರಬೇಕು. ಹಳೆಯ ಸ್ಮಶಾನದಲ್ಲಿ ಮೇಲೆದ್ದು ಬಿದ್ದಿದ್ದ ಮೂಳೆಗಳನ್ನು ಇಬ್ಬರೂ ಆರಿಸಿ ತಂದರು. ಕೊಟ್ಟಿಗೆಯಂಥ ಜಾಗದಲ್ಲಿ ಅವನ್ನು ಹರಡಿ, ಪ್ರತಿಯೊಂದು ಮೂಳೆಯ ಉಬ್ಬು ತಗ್ಗು ತೂತುಗಳನ್ನು ಅಪ್ಪ ಕೈಯಲ್ಲಿ ಹಿಡಿದು ತೋರಿಸಿದ, ಮಗ ಚಿತ್ರ ಬರೆದ. ಬಾಯಿಪಾಠದಲ್ಲಿ ಸೋತವನಿಗೆ ನೋಡಿ ಬರೆದದ್ದು ಒಂದೂ ಮರೆಯಲಿಲ್ಲ. ಬೈದು ಕಿತ್ತುಕೊಳ್ಳುತ್ತಿದ್ದ ಪೆನ್ಸಿಲನ್ನು ಅಪ್ಪನೇ ಮಗನ ಕೈಗೆ ಕೊಟ್ಟ ಹಾಗಾಯಿತು. 1873ರಲ್ಲಿ ಸಾರಗೋಸಾದಲ್ಲಿ ಮಗ ವೈದ್ಯಕೀಯ ಪದವಿ ಪಡೆದ.

ಮುಂದಿನ ಕೆಲವು ವರ್ಷ ಬರೀ ಕಷ್ಟ. ಸೈನ್ಯದ ವೈದ್ಯನಾಗಿ 1874ರಲ್ಲಿ ಕ್ಯೂಬಾಕ್ಕೆ ಹೋದ, ಮಲೇರಿಯಾ ಮತ್ತು ರಕ್ತಭೇದಿಯಿಂದ ಎಲುಬಿನ ಗೂಡಾಗಿ ಮರುವರ್ಷ ಹಿಂದೆ ಬಂದ. ಅಲ್ಲಿನ ಸಂಬಳದಲ್ಲಿ ಉಳಿದ ಹಣದಲ್ಲಿ ಕೊಂಡದ್ದು ಒಂದು ಸೂಕ್ಷ್ಮದರ್ಶಕ. 1878ರಲ್ಲಿ ಕ್ಷಯ ಹಿಡಿದು ರಕ್ತ ಕಾರಿದ. ಅದರಿಂದಲೂ ಎದ್ದು, ಮರುವರ್ಷ ಸಿಲ್ವೇರಿಯಾ ಎಂಬವಳನ್ನು ಮದುವೆಯಾದ. 1883ರಲ್ಲಿ ವೆಲೆನ್ಸಿಯಾದಲ್ಲಿ ಶರೀರರಚನಾ ಶಾಸ್ತ್ರದ ಪ್ರೊಫೆಸರ್ ಆದ. ಎರಡು ವರ್ಷದಲ್ಲಿ ಅಲ್ಲಿ ಕಾಲರಾ ಬಂತು. ಅದರ ಬಗ್ಗೆ ಅವನು ಮಾಡಿದ ಕೆಲಸ ಮೆಚ್ಚಿ ಸಾರಗೋಸಾ ಪ್ರಾಂತ್ಯದವರು ಜರ್ಮನಿಯ ಝೈಸ್ ಕಂಪನಿಯ ಒಳ್ಳೆಯ ಸೂಕ್ಷ್ಮದರ್ಶಕವೊಂದನ್ನು ಉಡುಗೊರೆ ಕೊಟ್ಟರು. ಅವನ ಹತ್ತಿರ ಇದ್ದ ಆಸ್ತಿ ಎಂದರೆ ಅದು.

ಇನ್ನು ಮುಖ್ಯ ವಿಷಯ. ಮೆದುಳು ಸುಮಾರು ಒಂದು ಕಿಲೋ ಮುನ್ನೂರು ಗ್ರಾಂ ತೂಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಒಂದು ಮ್ಯೂಸಿಯಂ ಉಂಟು. ಅಲ್ಲಿ ಸಂರಕ್ಷಿಸಿಟ್ಟ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ನಾನೂ ಹಿಡಿದಿದ್ದೇನೆ. ಸುಕ್ಕುಸುಕ್ಕಾದ ಒಂದು ಮುದ್ದೆ, ಅಷ್ಟೆ. ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೂ ಆ ಕಾಲದವರಿಗೆ ಕಾಣುತ್ತಿದ್ದದ್ದು ಬಿಡಿಸಲಾಗದ ಗೋಜಲು. ಇಂದಿನ ಲೆಕ್ಕದಲ್ಲಿ ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳು. ಒಂದೊಂದಕ್ಕೂ ಬೇರಿನ ಹಾಗೆ ಕವಲು, ಕೊಂಬೆಯ ಹಾಗೆ ಕವಲು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಹೇಳುವುದು ಹೇಗೆ?

1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಎಂಬ ವೈದ್ಯ ಒಂದು ಉಪಾಯ ಕಂಡುಹಿಡಿದಿದ್ದ. ಮೆದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ನೆನೆಸಿ ಗಟ್ಟಿ ಮಾಡಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟರೆ, ನೂರಾರು ಕೋಶಗಳ ನಡುವೆ ಯಾವುದೋ ಒಂದೆರಡು ಮಾತ್ರ ಬೇರಿನಿಂದ ತುದಿಯವರೆಗೆ ಕಪ್ಪಾಗುತ್ತವೆ, ಉಳಿದವೆಲ್ಲ ಹಳದಿ ಹಿನ್ನೆಲೆಯಲ್ಲಿ ಮಾಯ. ದಟ್ಟ ಕಾಡಿನ ಮರಗಳೆಲ್ಲ ಮರೆಯಾಗಿ ಒಂದೇ ಮರ ನಿಂತ ಹಾಗೆ. ಹದಿನಾಲ್ಕು ವರ್ಷ ಇದನ್ನು ಹೆಚ್ಚಿನವರು ಗಮನಿಸಲೇ ಇಲ್ಲ, ಒಮ್ಮೆ ಸರಿಯಾದರೆ ಹತ್ತು ಸಲ ಕೆಡುತ್ತಿತ್ತು ಎಂಬುದೂ ಒಂದು ಕಾರಣ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರೊ ಎಂಬ ಮಾನಸಿಕ ವೈದ್ಯರು ಹಾಗೆ ಬಣ್ಣ ಹಿಡಿಸಿದ ಒಂದು ಗಾಜನ್ನು ಕಹಾಲ್‌ಗೆ ತೋರಿಸಿದರು. ಮೂವತ್ತೈದರ ಕಹಾಲ್ ಅಲ್ಲಿಂದ ಮುಂದೆ ಬೇರೆ ಕೆಲಸ ಮಾಡಲಿಲ್ಲ ಎಂದೇ ಹೇಳಬೇಕು.

ಗಾಲ್ಜಿಗೆ ತನ್ನದೇ ಗಾಜುಗಳಲ್ಲಿ ಕಂಡದ್ದು ಒಂದು ಬಲೆ. ನರಕೋಶಗಳೆಲ್ಲ ಒಂದಕ್ಕೊಂದು ಬೆಸೆದು, ತಲೆಯಿಂದ ಬೆನ್ನಿನ ತನಕ ಒಂದೇ ಹೆಣಿಗೆಯಾಗಿವೆ ಎಂದು ಅವನು ನಂಬಿದ್ದ, ಆ ಕಾಲದ ದೊಡ್ಡವರೂ ನಂಬಿದ್ದರು. ನನ್ನ ಕರೆಂಟಿನ ವಯರಿನ ಪಾಠ ನೂರು ವರ್ಷ ಹಳೆಯ ಈ ತಪ್ಪಿನ ಮೊಮ್ಮಗ ಎನ್ನಬಹುದು.

ಕಹಾಲ್ ಮಾಡಿದ ಬುದ್ಧಿವಂತಿಕೆ ಏನೆಂದರೆ, ಬೆಳೆದ ಮೆದುಳನ್ನು ಬಿಟ್ಟು ಮೊಟ್ಟೆಯೊಳಗಿನ ಮರಿಗಳ, ಆಗ ತಾನೆ ಹುಟ್ಟಿದ ಪ್ರಾಣಿಗಳ ಮೆದುಳನ್ನು ನೋಡಿದ್ದು. ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಂದ ಮೇಲೆ ಬೆಳ್ಳಿಯ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಎಳತರಲ್ಲಿ ಆ ಹೊದಿಕೆ ಇಲ್ಲ, ಕವಲುಗಳೂ ಕಡಿಮೆ. ಹತ್ತು ವರ್ಷದ ತೋಟದಲ್ಲಿ ಬಳ್ಳಿ ಯಾವುದು ಮರ ಯಾವುದು ಎಂದು ಹುಡುಕುವ ಬದಲು ನರ್ಸರಿಗೆ ಹೋಗಿ ಸಸಿ ನೋಡಿದ ಹಾಗೆ. ಬಣ್ಣ ಹಿಡಿಸುವ ಕ್ರಮವನ್ನೂ ಒಂದಕ್ಕೆ ಎರಡು ಸಲ ಮಾಡಿ ಸುಧಾರಿಸಿದ.

1888. ಆಗ ಅವನು ಬಾರ್ಸಿಲೋನಾದಲ್ಲಿ ಪ್ರೊಫೆಸರ್. ಹಕ್ಕಿಯ ಅನುಮಸ್ತಿಷ್ಕವನ್ನು ನೋಡುತ್ತಿದ್ದ. ಅಲ್ಲಿ ಪರ್ಕಿಂಜಿ ಕೋಶಗಳು ಎಂದು ಉಂಟು; ಗೋಡೆಗೆ ಹಬ್ಬಿಸಿದ ಬಳ್ಳಿಯ ಹಾಗೆ ಚಪ್ಪಟೆಯಾಗಿ ಹರಡಿದ ದೊಡ್ಡ ಕೋಶಗಳು. ಬೇರೆ ಕೋಶಗಳಿಂದ ಬಂದ ಎಳೆಗಳು ಇವುಗಳ ಹೊಟ್ಟೆಯ ಸುತ್ತ ಬುಟ್ಟಿಯಂತೆ ಹೆಣೆದುಕೊಂಡದ್ದನ್ನು ಅವನು ಕಂಡ. ಹಾಗಾಗಿ ಅವಕ್ಕೆ ಬುಟ್ಟಿ ಕೋಶ ಎಂದು ಹೆಸರು. ಸುಬ್ರಹ್ಮಣ್ಯದ ನೆರೆಯ ನಾವು ಕುಕ್ಕೆ ಎಂದರೂ ತಪ್ಪಿಲ್ಲ. ಮುಖ್ಯ ಸಂಗತಿ, ಆ ಬುಟ್ಟಿ ಒಳಗಿನ ಕೋಶವನ್ನು ಎಷ್ಟು ಹತ್ತಿರ ತಬ್ಬಿದರೂ ಅದರೊಂದಿಗೆ ಬೆಸೆದಿಲ್ಲ. ಎಳೆ ಅಲ್ಲಿಗೆ ಬಂದು ಮುಗಿಯುತ್ತದೆ. ಕಣ್ಣಿನ ಹಿಂದಿನ ರೆಟಿನಾ ನೋಡಿದ, ಮೆದುಳುಬಳ್ಳಿ ನೋಡಿದ. ಎಲ್ಲ ಕಡೆಯೂ ಅದೇ. ಒಂದೊಂದು ನರಕೋಶವೂ ಸ್ವತಂತ್ರ ಜೀವ. ಮುಟ್ಟುವಷ್ಟು ಹತ್ತಿರ, ಆದರೆ ಬೇರೆ ಬೇರೆ.

ಇದನ್ನು ತರಗತಿಯಲ್ಲಿ ಹೇಗೆ ಹೇಳಬೇಕಿತ್ತು ಎಂದು ಈಗ ನನಗೆ ಹೊಳೆಯುತ್ತದೆ. ನಮ್ಮಲ್ಲಿ ಅಡಿಕೆ ಕೊಯ್ಯುವ ಪಳಗಿದ ಆಳು ಒಂದು ಮರ ಹತ್ತಿದರೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮರದ ತಲೆಯನ್ನು ತೂಗಿಸಿ, ಪಕ್ಕದ ಮರವನ್ನು ಹಿಡಿದು ಅತ್ತ ದಾಟುತ್ತಾನೆ. ಮರಗಳು ಬೇರೆ ಬೇರೆ, ಬುಡ ಬೇರೆ ಬೇರೆ, ನಡುವೆ ಗಾಳಿ. ಆದರೂ ಅವನು ತೋಟದ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ. ನರಸಂದೇಶವೂ ಹಾಗೆ. ಬೇರಿನಂಥ ಡೆಂಡ್ರೈಟುಗಳಿಂದ ಒಳಗೆ ಬಂದು, ಆಕ್ಸಾನ್ ಎಂಬ ಉದ್ದ ಎಳೆಯ ಮೂಲಕ ಹೊರಗೆ ಹೋಗುತ್ತದೆ. ಇದು ಒಂದೇ ದಿಕ್ಕಿನ ದಾರಿ ಎಂದು ಕಹಾಲ್ ಚಿತ್ರದಲ್ಲಿ ಬಾಣದ ಗುರುತು ಹಾಕಿ ತೋರಿಸಿದ. ತುದಿಯಲ್ಲಿ ಜಿಗಿಯಬೇಕು. ಜಿಗಿಯುವ ಆ ಜಾಗಕ್ಕೆ ಇಂಗ್ಲೆಂಡಿನ ಷೆರಿಂಗ್‌ಟನ್ 1897ರಲ್ಲಿ ಸಿನಾಪ್ಸ್ ಎಂದು ಹೆಸರು ಕೊಟ್ಟರು. ಅಂತರ ಎಷ್ಟು ಎಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದ ಒಂದು ಭಾಗದಷ್ಟು. ಅದನ್ನು ನೇರವಾಗಿ ಕಾಣಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು. ಕಹಾಲ್‌ಗೆ ಕಂಡದ್ದು ಎಳೆ ಬಂದು ಮುಗಿಯುವುದು ಮಾತ್ರ. ಅಷ್ಟರಿಂದಲೇ ಅವನು ಸರಿಯಾಗಿ ಹೇಳಿದ್ದ.

ಆ ವರ್ಷಗಳಲ್ಲಿ ಅವನ ಮನೆ ಹೇಗಿತ್ತು ಎಂಬುದನ್ನೂ ಹೇಳಬೇಕು. ಕೆಲಸವನ್ನು ಪ್ರಕಟಿಸಲು 1888ರ ಮೇಯಲ್ಲಿ ಅವನು ಸ್ವಂತ ಹಣ ಹಾಕಿ ಒಂದು ಪತ್ರಿಕೆ ಹೊರಡಿಸಿದ. ಅರವತ್ತು ಪ್ರತಿ. ಅದರ ಚಿತ್ರಗಳೂ ಅವನದೇ ಕೈಯವು. ಹೆಚ್ಚಿನ ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದ. ಸ್ಪಾನಿಷ್ ಭಾಷೆ ಓದುವವರು ಅಲ್ಲಿ ಯಾರು? ಪ್ರೊಫೆಸರನ ಸಣ್ಣ ಸಂಬಳದಲ್ಲಿ ಒಂದು ಪಾಲು ಹೀಗೆ ಹೋದರೆ ಉಳಿದದ್ದರಲ್ಲಿ ಮಕ್ಕಳನ್ನು ಸಾಕಿದವಳು ಸಿಲ್ವೇರಿಯಾ. ಅವಳ ಬಗ್ಗೆ ಪುಸ್ತಕಗಳಲ್ಲಿ ಸಾಲುಗಳು ಕಡಿಮೆ. ಬಾರ್ಸಿಲೋನಾದಲ್ಲಿ ಇರುವಾಗಲೇ ಎನ್ರಿಕೆಟಾ ಎಂಬ ಪುಟ್ಟ ಮಗಳು ಮೆದುಳಿನ ಹೊದಿಕೆಯ ಉರಿಯೂತದಿಂದ, ಅಂದರೆ ಮೆನಿಂಜೈಟಿಸ್‌ನಿಂದ ತೀರಿಕೊಂಡಳು. ಜಗತ್ತಿನಲ್ಲಿ ಮೆದುಳಿನ ಒಳಗನ್ನು ಅವನಷ್ಟು ಸ್ಪಷ್ಟವಾಗಿ ಕಂಡವರು ಆಗ ಇನ್ನೊಬ್ಬರಿರಲಿಲ್ಲ. ಆ ಜ್ಞಾನದಿಂದ ಮಗಳಿಗೆ ಏನೂ ಆಗಲಿಲ್ಲ. ಅದಕ್ಕೆ ಔಷಧ ಬಂದದ್ದು ಅವನು ಸತ್ತ ಮೇಲೆ. ಈ ಭಾಗ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತೋಟಕ್ಕೆ ಹೋದೆ.

1889ರ ಅಕ್ಟೋಬರಿನಲ್ಲಿ ಬರ್ಲಿನ್‌ನಲ್ಲಿ ಶರೀರರಚನಾ ತಜ್ಞರ ಸಭೆ. ಕಹಾಲ್ ಕೂಡಿಸಿಟ್ಟ ಹಣದಲ್ಲಿ ಸೂಕ್ಷ್ಮದರ್ಶಕವನ್ನೂ ಗಾಜುಗಳನ್ನೂ ಹೊತ್ತು ಅಲ್ಲಿಗೆ ಹೋದ. ಜರ್ಮನ್ ಬಾರದು, ಫ್ರೆಂಚ್ ಅರ್ಧಂಬರ್ಧ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಸಭೆಯ ಹಿರಿಯರಾದ ಕೋಲಿಕರ್ ಅವರನ್ನು, ಎಪ್ಪತ್ತೆರಡು ವರ್ಷದವರನ್ನು, ಬಿಡದೆ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಅಲ್ಲಿಯ ತನಕ ಬಲೆಯ ವಾದವನ್ನೇ ನಂಬಿದ್ದ ಕೋಲಿಕರ್ ನೋಡಿದರು, ಒಪ್ಪಿದರು, ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಇತರರಿಗೆ ಪರಿಚಯ ಮಾಡಿಸಿದರು. ಆಮೇಲೆ ಆ ವಯಸ್ಸಿನಲ್ಲಿ, ಕಹಾಲ್ ಬರೆದದ್ದನ್ನು ಓದಲಿಕ್ಕಾಗಿಯೇ ಸ್ಪಾನಿಷ್ ಕಲಿತರು. ಈ ಕಥೆಯಲ್ಲಿ ನನಗೆ ಅತಿ ಮೆಚ್ಚುಗೆಯಾದ ವ್ಯಕ್ತಿ ಕೋಲಿಕರ್ ಎಂದರೂ ಸರಿ.

ನಂತರದ ಕೀರ್ತಿ ಎಲ್ಲರಿಗೂ ಗೊತ್ತಿರುವಂಥದ್ದೇ. 1892ರಲ್ಲಿ ಮ್ಯಾಡ್ರಿಡ್, 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ, 1906ರಲ್ಲಿ ನೊಬೆಲ್. ತಮಾಷೆ ಎಂದರೆ ಆ ನೊಬೆಲ್ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಸೇರಿ ಬಂತು. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ 11ರಂದು ಗಾಲ್ಜಿ ಎದ್ದು ನಿಂತು ನರಕೋಶ ಸ್ವತಂತ್ರ ಎಂಬ ವಾದವೇ ತಪ್ಪು ಎಂದು ಉಪನ್ಯಾಸ ಮಾಡಿದ. ಮರುದಿನ ಕಹಾಲ್ ತನ್ನ ಚಿತ್ರಗಳನ್ನು ತೋರಿಸಿ ಅದು ಸರಿ ಎಂದ. ಒಂದೇ ಬಣ್ಣ, ಒಂದೇ ಬಗೆಯ ಗಾಜು, ಇಬ್ಬರಿಗೆ ಕಂಡದ್ದು ಬೇರೆ. ಆದರೆ ಗಾಲ್ಜಿಯ ಬಣ್ಣ ಇಲ್ಲದಿದ್ದರೆ ಕಹಾಲ್ ಇಲ್ಲ.

ಕಹಾಲ್ ಹೇಳಿದ ಇನ್ನೊಂದು ಮಾತು ಶಾಲೆಗಳಿಗೆ ಸಂಬಂಧಪಟ್ಟದ್ದು. ದೊಡ್ಡವರಾದ ಮೇಲೆ ಮೆದುಳಿನಲ್ಲಿ ಹೊಸ ನರಕೋಶ ಬೆಳೆಯದಿದ್ದರೂ, ಅಭ್ಯಾಸ ಮಾಡಿದ ಹಾಗೆ ಕೋಶಗಳ ನಡುವಿನ ಸಂಪರ್ಕ ಬಲವಾಗುತ್ತದೆ, ಹೊಸ ಕವಲು ಮೂಡುತ್ತದೆ, ಕಲಿಯುವುದು ಎಂದರೆ ಅದೇ ಎಂಬುದು ಅವನ ಊಹೆ. ಮುಂದೆ ಬಂದವರು ಅದನ್ನು ಪ್ರಯೋಗದಲ್ಲಿ ತೋರಿಸಿದರು.

ಈಗ ಆ ಹುಡುಗಿಯ ಪ್ರಶ್ನೆ. ಸಿನಾಪ್ಸಿನಲ್ಲಿ ಸಂದೇಶ ದಾಟಿಸುವುದು ಹೆಚ್ಚಾಗಿ ರಾಸಾಯನಿಕಗಳು. ಕೆಲವು, ಮುಂದಿನ ಕೋಶವನ್ನು ಹುರಿದುಂಬಿಸುತ್ತವೆ, ಕೆಲವು, ತಡೆಯುತ್ತವೆ. ಮೆದುಳಿನ ಮುಖ್ಯ ತಡೆ ಗಾಬಾ ಎಂಬ ರಾಸಾಯನಿಕ. ಕಹಾಲ್ 1888ರಲ್ಲಿ ಬರೆದ ಆ ಬುಟ್ಟಿ ಕೋಶಗಳು ಮಾಡುವುದು ಇದೇ ಬ್ರೇಕಿನ ಕೆಲಸ, ಗಾಬಾದ ಮೂಲಕ. ಬ್ರೇಕು ಹಿಡಿಯದಿದ್ದರೆ ಕೋಶಗಳು ಒಟ್ಟಿಗೆ ಹುಚ್ಚೆದ್ದು ಸಂದೇಶ ಹಾರಿಸುತ್ತವೆ. ನಾವು ಫಿಟ್ಸ್ ಎನ್ನುವುದು ಅದನ್ನು. ಕೊಕ್ಕಡದ ಸುತ್ತಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟಗಳನ್ನು ಕೊಲ್ಲುವುದು ಗಾಬಾದ ಈ ಬಾಗಿಲನ್ನು ಮುಚ್ಚಿ. ಕೀಟದಲ್ಲಿ ಇರುವಂಥ ಬಾಗಿಲು ಮನುಷ್ಯನ ಮೆದುಳಿನಲ್ಲೂ ಉಂಟು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಒಂದು ಮಗುವಿನ ತೊಂದರೆಗೆ ಇದೇ ಕಾರಣ ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ಯಾವ ವಯರೂ ತುಂಡಾಗಿರಬೇಕೆಂದಿಲ್ಲ, ಎರಡು ಕೋಶಗಳ ನಡುವಿನ ಕಾಣದ ಸಂದಿನಲ್ಲಿ ಬ್ರೇಕು ಹಿಡಿಯದೆ ಹೋದರೂ ಹೀಗಾಗಬಹುದು ಎಂದಾದರೂ ಅವಳಿಗೆ ಹೇಳಬಹುದಿತ್ತು.

ಕಹಾಲ್ 1922ರಲ್ಲಿ ನಿವೃತ್ತನಾದ. 1930ರಲ್ಲಿ ಸಿಲ್ವೇರಿಯಾ ತೀರಿಕೊಂಡಳು. ಅವನು ಕೊನೆಯ ತನಕ ಬರೆಯುತ್ತಲೇ ಇದ್ದು 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಸತ್ತ. ಅವನು ಬರೆದ ಸಾವಿರಾರು ಚಿತ್ರಗಳಲ್ಲಿ ಹಲವನ್ನು ಇಂದೂ ವೈದ್ಯಕೀಯ ಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ.

ಕಳೆದ ವರ್ಷ ಆಲಂಕಾರಿನಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವಳೇ ನನ್ನನ್ನು ಗುರುತಿಸಿ ಮಾತಾಡಿಸಿದಳು. ಈಗ ಎರಡು ಮಕ್ಕಳ ತಾಯಿ. ತಮ್ಮ ಇಪ್ಪತ್ತೆರಡಕ್ಕೆ ಹೋದ ಸರ್ ಎಂದಳು. ಊಟ ಆದ ಮೇಲೆ ಚಪ್ಪರದ ಬದಿಯಲ್ಲಿ ಕುಳಿತು, ಮದುವೆ ಕಾಗದದ ಹಿಂದೆ ಪರ್ಕಿಂಜಿ ಕೋಶ ಬರೆದು, ಸುತ್ತ ಕುಕ್ಕೆ ಹೆಣೆದು, ನಡುವಿನ ಸಂದು ತೋರಿಸಿದೆ. ನನ್ನ ಚಿತ್ರ ಅಷ್ಟಕ್ಕಷ್ಟೆ. ಅವಳು ತುಂಬ ಹೊತ್ತು ನೋಡಿದಳು. ಹಾಗಾದರೆ ಅವನಿಗೆ ನಮ್ಮ ಮಾತು ಕೇಳಿಸುತ್ತಿತ್ತಾ ಎಂದು ಕೇಳಿದಳು. ಕೇಳಿಸುತ್ತಿರಬಹುದು ಎಂದೆ. ಆ ಕಾಗದವನ್ನು ಅವಳು ತೆಗೆದುಕೊಂಡು ಹೋದಳು. ಅದನ್ನೇ ಇನ್ನೊಮ್ಮೆ ಬರೆದು ಸಮಿತಿಯವರಿಗೆ ಕೊಟ್ಟಿದ್ದೇನೆ, ಪುಟ ಉಳಿದರೆ ಹಾಕುತ್ತಾರಂತೆ.